ಪ್ರೀಮಿಯಂ ಏರಿತು, ರಕ್ಷಣೆ ಕುಗ್ಗಿತು: ಅಮೆರಿಕದ ಲ್ಯಾಟಿನೋ ಸಣ್ಣ ವ್ಯಾಪಾರಿಗಳ ಲಯಬಿಲಿಟಿ ಪಾಲಿಸಿ ಓದುವುದು ಹೇಗೆ

ಅಮೆರಿಕದಲ್ಲಿ ಛಾವಣಿ ಹಾಕುವವರು, ತೋಟ ನೋಡುವವರು, ಡ್ರೈವಾಲ್ ಕೂರಿಸುವವರು, ಟಾಕೋ ಗಾಡಿ ನಡೆಸುವವರು, ರಾತ್ರಿ ಹೊತ್ತು ಆಫೀಸು ಗುಡಿಸಿ ಒರೆಸುವ ಕಾಂಟ್ರಾಕ್ಟ್ ಹಿಡಿದವರು, ಮನೆಯಲ್ಲೇ ಡೇ ಕೇರ್ ನಡೆಸುವವರು. ಇವರಲ್ಲಿ ದೊಡ್ಡ ಪಾಲು ಲ್ಯಾಟಿನೋ ಕುಟುಂಬಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರು; ಸರ್ಕಾರಿ ಲೆಕ್ಕದಲ್ಲಿ ಹಿಸ್ಪಾನಿಕ್ ಅನ್ನುತ್ತಾರೆ. ಅಲ್ಲಿನ ಸೆನ್ಸಸ್ ಬ್ಯೂರೋ ಲೆಕ್ಕದಂತೆ, 2021ರಲ್ಲಿ ಸಂಬಳಕ್ಕೆ ಕೆಲಸಗಾರರನ್ನು ಇಟ್ಟುಕೊಂಡಿದ್ದ ಹಿಸ್ಪಾನಿಕ್ ಒಡೆತನದ ವ್ಯಾಪಾರಗಳೇ 4 ಲಕ್ಷಕ್ಕೂ ಜಾಸ್ತಿ ಇದ್ದವು. ಒಬ್ಬರೇ ದುಡಿಯುವವರನ್ನೂ ಸೇರಿಸಿದರೆ ಸಂಖ್ಯೆ ಅದರ ಎಷ್ಟೋ ಪಟ್ಟು. ಈ ಜನರ ಕೈಯಲ್ಲಿರುವ ಲಯಬಿಲಿಟಿ ಪಾಲಿಸಿ (ತಮ್ಮಿಂದ ಬೇರೆಯವರಿಗೆ ಹಾನಿಯಾದರೆ ನೋಡಿಕೊಳ್ಳುವ ಇನ್ಶೂರೆನ್ಸ್) ಕೆಲವು ವರ್ಷಗಳಿಂದ ಒಳಗೊಳಗೇ ತೆಳ್ಳಗಾಗುತ್ತಿದೆ. ಪ್ರೀಮಿಯಂ ಏರಿದ್ದು ಬಿಲ್‌ನಲ್ಲಿ ಕಾಣುತ್ತದೆ. ರಕ್ಷಣೆ ಕುಗ್ಗಿದ್ದು ಕಾಣುವುದಿಲ್ಲ. ಅದು ಅರವತ್ತನೇ ಪುಟದಲ್ಲಿ ಎಲ್ಲೋ ಇರುತ್ತದೆ, ಇಂಗ್ಲಿಷ್‌ನಲ್ಲಿ, ಸಣ್ಣ ಅಕ್ಷರದಲ್ಲಿ.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಇದೆ. ಬೇ ಏರಿಯಾ, ಡಲ್ಲಾಸ್, ನ್ಯೂಜೆರ್ಸಿ ಕಡೆ ಇರುವ ನಮ್ಮವರಲ್ಲಿ ಕೆಲವರು ಇಂಥ ವ್ಯಾಪಾರಿಗಳ ಲೆಕ್ಕ ಬರೆಯುತ್ತಾರೆ, ಟ್ಯಾಕ್ಸ್ ಫೈಲ್ ಮಾಡಿಕೊಡುತ್ತಾರೆ, ಅಂಗಡಿ ಬಾಡಿಗೆಗೆ ಕೊಟ್ಟಿರುತ್ತಾರೆ. ಇನ್ನೂ ಹೆಚ್ಚು ಜನ ಮನೆ ರಿಪೇರಿಗೆ ಅವರನ್ನೇ ಕರೆಯುತ್ತಾರೆ. ಸ್ವಂತ ಹೋಟೆಲ್, ಕೇಟರಿಂಗ್, ಡೇ ಕೇರ್ ಇಟ್ಟಿರುವ ಕನ್ನಡಿಗರಿಗೂ ಇದೇ ಪಾಲಿಸಿ, ಇದೇ ಕಷ್ಟ. ಪಕ್ಕದಲ್ಲಿ ಕೂತು ಪುಟ ತಿರುಗಿಸುವ ಒಬ್ಬರು ಇದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತವೆ ಅಂತ ನಾನು ನಿಜವಾಗಿ ನಂಬುತ್ತೇನೆ. ಕೆಳಗೆ ‘ನೀವು’ ಅಂದರೆ ಹಾಗೆ ಪಾಲಿಸಿ ಹಿಡಿದು ಕೂತವರು, ವ್ಯಾಪಾರ ನಿಮ್ಮದಾದರೂ ಸರಿ, ಇನ್ನೊಬ್ಬರದಾದರೂ ಸರಿ.

ಕುಗ್ಗುತ್ತಿರುವುದು ಯಾಕೆ ಅಂತ ಎರಡು ಮಾತು. ಕೋರ್ಟುಗಳಲ್ಲಿ 1 ಕೋಟಿ ಡಾಲರ್ ದಾಟುವ ತೀರ್ಪುಗಳು ಬರುತ್ತಿವೆ, ಇವಕ್ಕೆ ಅಲ್ಲಿ ನ್ಯೂಕ್ಲಿಯರ್ ವರ್ಡಿಕ್ಟ್ ಅನ್ನುತ್ತಾರೆ. ದಾವೆ ನಡೆಸಲು ದುಡ್ಡು ಹಾಕುವ ಹೂಡಿಕೆದಾರರೇ ಇದ್ದಾರೆ. ಆಸ್ಪತ್ರೆ ಖರ್ಚು, ರಿಪೇರಿ ಖರ್ಚು, ಇನ್ಶೂರೆನ್ಸ್ ಕಂಪನಿಗಳೇ ಕೊಳ್ಳುವ ಮರುವಿಮೆಯ ಖರ್ಚು, ಎಲ್ಲವೂ ಏರಿದೆ. ಹಾಗಾಗಿ ಕಂಪನಿಗಳು ಕೆಲವು ಕಸುಬುಗಳನ್ನು ಪೂರ್ತಿ ಬಿಟ್ಟವು, ಉಳಿದವಕ್ಕೆ ‘ಇದು ಸೇರಿಲ್ಲ, ಅದು ಸೇರಿಲ್ಲ’ ಎಂಬ ಪುಟಗಳನ್ನು ಸೇರಿಸುತ್ತಾ ಹೋದವು. ಛಾವಣಿ, ಮರ ಕಡಿಯುವುದು, ಟ್ರಕ್, ಬಾರ್, ಮಕ್ಕಳ ಪಾಲನೆ. ಕಂಪನಿಗಳು ಹೆಚ್ಚು ಹೆದರುವ ಈ ಕಸುಬುಗಳಲ್ಲೇ ಲ್ಯಾಟಿನೋ ಕುಟುಂಬಗಳು ಜಾಸ್ತಿ. ಅದೇ ಇಲ್ಲಿ ಅವರಿಗೆ ಬೀಳುವ ಹೊಡೆತ.

1. ಇಡೀ ಪಾಲಿಸಿ ತರಿಸಿಕೊಳ್ಳಿ, ಸರ್ಟಿಫಿಕೇಟ್ ಅಲ್ಲ

ಹೆಚ್ಚಿನ ವ್ಯಾಪಾರಿಗಳ ಫೋನಿನಲ್ಲಿ ಇರುವುದು ಒಂದು ಪುಟದ ಸರ್ಟಿಫಿಕೇಟ್. ಅಕಾರ್ಡ್ 25 ಅಂತ ಅದರ ಹೆಸರು. ಕೆಲಸ ಕೊಡುವವರು ಕೇಳಿದಾಗ ಅದನ್ನೇ ಕಳಿಸುತ್ತಾರೆ. ‘ಇದು ಮಾಹಿತಿಗೆ ಮಾತ್ರ, ಇದರಿಂದ ಯಾವ ಹಕ್ಕೂ ಬರುವುದಿಲ್ಲ’ ಅಂತ ಅದರ ನೆತ್ತಿಯ ಮೇಲೇ ಬರೆದಿದೆ. ಪಾಲಿಸಿಯಲ್ಲಿ ಏನು ಸೇರಿಲ್ಲ ಅನ್ನುವುದು ಆ ಪುಟದಲ್ಲಿ ಬರುವುದೇ ಇಲ್ಲ.

ಏಜೆಂಟ್‌ಗೆ ಇಮೇಲ್ ಮಾಡಿ. ಫೋನ್ ಬೇಡ, ಬರವಣಿಗೆಯಲ್ಲೇ ಇರಲಿ. ಎಲ್ಲ ಫಾರ್ಮ್ ಮತ್ತು ಎಂಡಾರ್ಸ್‌ಮೆಂಟ್ (ಪಾಲಿಸಿಯನ್ನು ಬದಲಿಸಲು ಅಂಟಿಸುವ ಪುಟ) ಸೇರಿದ ಪೂರ್ತಿ ಪಾಲಿಸಿ ಬೇಕು, ಈ ವರ್ಷದ್ದೂ ಹೋದ ವರ್ಷದ್ದೂ, ಅಂತ ಕೇಳಿ. ಬಂದ ಮೇಲೆ ಮೊದಲು ಡಿಕ್ಲರೇಶನ್ಸ್ ಪುಟ, ಅಂದರೆ ಕಸುಬು, ಮಿತಿ ಇತ್ಯಾದಿ ಬರೆದಿರುವ ಮುಂದಿನ ಪುಟ ನೋಡಿ. ಅದರ ಹಿಂದೆಯೇ ಫಾರ್ಮ್‌ಗಳ ಪಟ್ಟಿ ಇರುತ್ತದೆ, ಬರೀ ನಂಬರು ಮತ್ತು ಶೀರ್ಷಿಕೆ. ಎರಡು ವರ್ಷದ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಪೆನ್ನು ಹಿಡಿದು ಟಿಕ್ ಮಾಡುತ್ತಾ ಬನ್ನಿ. ಈ ವರ್ಷ ಹೊಸದಾಗಿ ಬಂದ ನಂಬರುಗಳು ಯಾವುವೋ, ಮಾಯವಾದವು ಯಾವುವೋ, ಪಾಲಿಸಿ ಕುಗ್ಗಿದ್ದು ಅಲ್ಲೇ. ನೂರು ಪುಟ ಓದಲು ಪುರುಸೊತ್ತು ಇಲ್ಲದವರು ಇಷ್ಟನ್ನಾದರೂ ಮಾಡಲೇಬೇಕು. ಕಂಪನಿ ಬದಲಾಗಿದ್ದರೆ ನಂಬರುಗಳು ಹೊಂದುವುದಿಲ್ಲ, ಆಗ ಶೀರ್ಷಿಕೆ ಓದಿ. ‘ಎಕ್ಸ್‌ಕ್ಲೂಷನ್’ (ಇದು ಸೇರಿಲ್ಲ ಅನ್ನುವ ಷರತ್ತು), ‘ಲಿಮಿಟೇಶನ್’, ‘ಕಂಡೀಷನ್’, ‘ವಾರಂಟಿ’ ಅನ್ನುವ ಪದ ಇರುವ ಪ್ರತಿಯೊಂದಕ್ಕೂ ಗುರುತು ಹಾಕಿ.

2. ಪಾಲಿಸಿಯಲ್ಲಿ ಬರೆದಿರುವ ಕೆಲಸ ಮತ್ತು ನಿಜವಾಗಿ ಮಾಡುವ ಕೆಲಸ ಒಂದೇನಾ?

ಡಿಕ್ಲರೇಶನ್ಸ್‌ನಲ್ಲಿ ಕಸುಬಿನ ಹೆಸರು, ಒಂದು ಕ್ಲಾಸ್ ಕೋಡ್ ಇರುತ್ತದೆ. ಪಟ್ಟಿಯಲ್ಲಿ ‘ಕ್ಲಾಸಿಫಿಕೇಶನ್ ಲಿಮಿಟೇಶನ್’ ಅಂತ ಒಂದು ಫಾರ್ಮ್ ಸೇರಿದ್ದರೆ, ಆ ಹೆಸರಿನ ಕೆಲಸ ಬಿಟ್ಟು ಬೇರೆ ಏನು ಮಾಡಿದರೂ ಪಾಲಿಸಿ ಇಲ್ಲ ಅಂತ ಅರ್ಥ. ಮನೆಯೊಳಗಿನ ಪೇಂಟಿಂಗ್ ಅಂತ ಬರೆಸಿದವರು ಗಿರಾಕಿ ಕೇಳಿದರು ಅಂತ ಹೊರಗೋಡೆಯ ಸ್ಟಕೋ (ಗಾರೆ) ತೇಪೆ ಹಾಕಿಕೊಡುತ್ತಾರೆ. ಹುಲ್ಲು ಕತ್ತರಿಸುವ ತೋಟಗಾರರು ಕೊಂಬೆ ಕಡಿದುಕೊಡುತ್ತಾರೆ. ಸಣ್ಣ ವ್ಯಾಪಾರ ನಡೆಯುವುದೇ ಹಾಗಲ್ವಾ, ಕೇಳಿದ ಕೆಲಸಕ್ಕೆ ಇಲ್ಲ ಅನ್ನದೆ. ಕೊಂಬೆ ಪಕ್ಕದ ಮನೆ ಕಾರಿನ ಮೇಲೆ ಬಿದ್ದ ದಿನ ಕಂಪನಿ ಮೊದಲು ತೆಗೆಯುವುದು ಈ ಪುಟವನ್ನೇ.

ಹೋದ ಒಂದು ವರ್ಷದ ಇನ್‌ವಾಯ್ಸ್‌ಗಳನ್ನು ತಿರುಗಿಸಿ ಮಾಡಿದ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಏಜೆಂಟ್‌ಗೆ ಕಳಿಸಿ, ಇವೆಲ್ಲ ಸೇರಿವೆಯಾ ಅಂತ ಕೇಳಿ. ಪ್ರೀಮಿಯಂ ಕಡಿಮೆ ಮಾಡಲು ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ, ಬೇರೆಯವರು ಬರೆಯಲೂ ಬಿಡಬೇಡಿ. ಅರ್ಜಿ ಇಂಗ್ಲಿಷ್‌ನಲ್ಲಿರುತ್ತದೆ, ಆಫೀಸಿನಲ್ಲಿ ಕೂತವರು ತುಂಬುತ್ತಾರೆ, ಮಾಲೀಕರು ಸಹಿ ಹಾಕಿ ಬರುತ್ತಾರೆ. ಮುಖ್ಯ ವಿಷಯ ತಪ್ಪು ಹೇಳಿದ್ದರೆ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು, ಶುರುವಿನಿಂದಲೇ ಇರಲಿಲ್ಲ ಅನ್ನುವ ಹಾಗೆ. ಸಹಿ ಹಾಕಿದ ಅರ್ಜಿಯ ಪ್ರತಿ ಇಟ್ಟುಕೊಳ್ಳಿ.

3. ಹೊರಗಿಟ್ಟಿದ್ದು ಏನು: ಇಲ್ಲಿ ನಿಧಾನವಾಗಿ ಓದಿ

ಸಾಮಾನ್ಯ ಜನರಲ್ ಲಯಬಿಲಿಟಿ ಪಾಲಿಸಿಗೆ ಒಂದು ಮಾದರಿ ಫಾರ್ಮ್ ಇದೆ, ಸಿಜಿ 00 01 ಅಂತ. ಅದು ಒಳ್ಳೆಯ ಫಾರ್ಮೇ. ನಿಮ್ಮ ಕೆಲಸದಿಂದ ಹೊರಗಿನವರಿಗೆ ಗಾಯವಾದರೆ, ಅವರ ಆಸ್ತಿ ಹಾಳಾದರೆ ಅದು ನೋಡಿಕೊಳ್ಳುತ್ತದೆ, ವಕೀಲರನ್ನೂ ಇಟ್ಟುಕೊಡುತ್ತದೆ. ತೊಂದರೆ ಇರುವುದು ಅದರ ಹಿಂದೆ ಅಂಟಿಸುವ ಎಂಡಾರ್ಸ್‌ಮೆಂಟ್‌ಗಳಲ್ಲಿ. ಮೊದಲಿನ ಫಾರ್ಮ್ ಕೊಡುವುದನ್ನು ಕೊನೆಯ ಪುಟಗಳು ಕಿತ್ತುಕೊಳ್ಳುತ್ತವೆ.

ಕಟ್ಟಡ ಕೆಲಸದವರಿಗೆ ಎಲ್ಲಕ್ಕಿಂತ ಅಪಾಯದ್ದು ಕೆಲಸಗಾರರ ಗಾಯದ ಷರತ್ತು. ನಿಮ್ಮ ಸ್ವಂತ ಕೆಲಸಗಾರನಿಗೆ ಪೆಟ್ಟಾದರೆ ಈ ಪಾಲಿಸಿ ಯಾವತ್ತೂ ಕೊಡುತ್ತಿರಲಿಲ್ಲ, ಅದಕ್ಕೆ ವರ್ಕರ್ಸ್ ಕಾಂಪ್ (ಕೆಲಸಗಾರರ ಗಾಯಕ್ಕೆ ಧಣಿ ಕೊಳ್ಳುವ ಬೇರೆ ಇನ್ಶೂರೆನ್ಸ್) ಇದೆ. ಆದರೆ ನೀವು ಕರೆಸಿದ ಸಬ್‌ಕಾಂಟ್ರಾಕ್ಟರ್‌ನ ಕೆಲಸಗಾರ ಬಿದ್ದು ನಿಮ್ಮ ಮೇಲೆ ದಾವೆ ಹಾಕಿದರೆ ಮಾದರಿ ಫಾರ್ಮ್ ಪ್ರಕಾರ ರಕ್ಷಣೆ ಇದೆ. ಈಗ ಬರುವ ಎಷ್ಟೋ ಪಾಲಿಸಿಗಳಲ್ಲಿ ‘ಸೈಟಿನಲ್ಲಿರುವ ಯಾವುದೇ ಕಾಂಟ್ರಾಕ್ಟರ್‌ನ ಕೆಲಸಗಾರ’ ಅಂತ ಬರೆದು ಅದನ್ನೂ ತೆಗೆದುಹಾಕಿರುತ್ತಾರೆ. ಸೈಟಿನಲ್ಲಿ ಬೀಳುವವರು ಯಾರು? ಕೆಲಸಗಾರರೇ ತಾನೇ? ದಾರಿಯಲ್ಲಿ ಹೋಗುವವರಲ್ಲ. ಅಂದರೆ ಯಾವುದಕ್ಕೆ ಅಂತ ಪ್ರೀಮಿಯಂ ಕಟ್ಟಿದ್ದೋ ಅದೇ ಹೋಯಿತು.

ನ್ಯೂಯಾರ್ಕ್‌ನಲ್ಲಿ ಇದಕ್ಕೆ ಇನ್ನೊಂದು ರೂಪ ಇದೆ. ಅಲ್ಲಿನ ಲೇಬರ್ ಲಾ 240ನೇ ಕಲಮನ್ನು ಜನ ಸ್ಕ್ಯಾಫೋಲ್ಡ್ ಲಾ ಅನ್ನುತ್ತಾರೆ. ಅದರ ಬೇರು 1885ರ ಕಾನೂನಿನಲ್ಲಿದೆ. ಎತ್ತರದಿಂದ ಬಿದ್ದ ಕೆಲಸಗಾರ ಸುರಕ್ಷೆಯ ಸಾಧನ ಸರಿಯಾಗಿ ಇರಲಿಲ್ಲ ಅಂತ ತೋರಿಸಿದರೆ ಕಟ್ಟಡದ ಮಾಲೀಕ ಮತ್ತು ಜನರಲ್ ಕಾಂಟ್ರಾಕ್ಟರ್ ಮೇಲೆ ಪೂರ್ತಿ ಹೊಣೆ ಬೀಳುತ್ತದೆ. ಕೆಲಸಗಾರ ತನ್ನ ಸ್ವಂತ ಧಣಿ ಮೇಲೆ ಸಾಮಾನ್ಯವಾಗಿ ದಾವೆ ಹಾಕುವ ಹಾಗಿಲ್ಲ, ವರ್ಕರ್ಸ್ ಕಾಂಪ್ ಇದೆಯಲ್ಲ. ಹಾಗಾಗಿ ಮಾಲೀಕರ ಮೇಲೆ ಹಾಕುತ್ತಾನೆ. ಮಾಲೀಕರು ಕಾಂಟ್ರಾಕ್ಟ್ ತೆಗೆದು ‘ನಷ್ಟ ತುಂಬಿಕೊಡುತ್ತೇನೆ ಅಂತ ಸಹಿ ಹಾಕಿದ್ದೀರಿ’ ಅಂತ ಅದೇ ಧಣಿಯ ಕಡೆ ತಿರುಗುತ್ತಾರೆ. ಇದಕ್ಕೆ ಆಕ್ಷನ್ ಓವರ್ ಅನ್ನುತ್ತಾರೆ. ಮಾದರಿ ಪಾಲಿಸಿ ಇದನ್ನು ನೋಡಿಕೊಳ್ಳುತ್ತದೆ. ಆಕ್ಷನ್ ಓವರ್ ಎಕ್ಸ್‌ಕ್ಲೂಷನ್ ಇರುವ ಪಾಲಿಸಿ ನೋಡಿಕೊಳ್ಳುವುದಿಲ್ಲ. ಕ್ವೀನ್ಸ್‌ನಲ್ಲೋ ಬ್ರಾಂಕ್ಸ್‌ನಲ್ಲೋ ಆರು ಜನರನ್ನು ಇಟ್ಟುಕೊಂಡು ಫ್ರೇಮಿಂಗ್ ಮಾಡುವ ಒಬ್ಬರಿಗೆ ಈ ಒಂದು ಪುಟ ಮನೆ ಮಠ ಕಳೆಯುವಷ್ಟು ದೊಡ್ಡದು. ಸ್ಕ್ಯಾಫೋಲ್ಡ್ ಲಾ ಸರಿಯೋ ತಪ್ಪೋ ಅಂತ ಅಲ್ಲಿ ವರ್ಷಗಟ್ಟಲೆ ಜಗಳ ಇದೆ. ನನ್ನ ಪ್ರಕಾರ ಬಿದ್ದವನಿಗೆ ಪರಿಹಾರ ಸಿಗಲೇಬೇಕು. ಆದರೆ ಆ ಹೊರೆ ರಕ್ಷಣೆಯೇ ಇಲ್ಲದ ಸಣ್ಣ ಕಾಂಟ್ರಾಕ್ಟರ್ ತಲೆಗೆ ಬಂದರೆ ಬಿದ್ದವನಿಗೂ ಏನೂ ಸಿಗುವುದಿಲ್ಲ.

ಟೆಕ್ಸಾಸ್‌ನದು ಬೇರೆ ಕಥೆ. ಅಲ್ಲಿ ಖಾಸಗಿ ಧಣಿಗಳಿಗೆ ವರ್ಕರ್ಸ್ ಕಾಂಪ್ ಕಡ್ಡಾಯವೇ ಅಲ್ಲ. ತೆಗೆದುಕೊಳ್ಳದಿದ್ದರೆ ಕೆಲಸಗಾರ ನೇರವಾಗಿ ಧಣಿ ಮೇಲೆ ದಾವೆ ಹಾಕಬಹುದು. ಜನರಲ್ ಲಯಬಿಲಿಟಿ ಅದಕ್ಕೆ ಬರುವುದಿಲ್ಲ. ‘ಇನ್ಶೂರೆನ್ಸ್ ಇದೆ’ ಅಂದುಕೊಂಡು ಇದೊಂದನ್ನೇ ಹಿಡಿದುಕೊಂಡಿರುವವರು ಅಲ್ಲಿ ತುಂಬಾ ಅಪಾಯದಲ್ಲಿದ್ದಾರೆ.

ಆಮೇಲೆ ಹಳೆ ಕೆಲಸದ ಷರತ್ತು, ಪ್ರಯರ್ ವರ್ಕ್ ಎಕ್ಸ್‌ಕ್ಲೂಷನ್. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಡದೊಳಗೆ ಅಡಗಿದ ದೋಷಕ್ಕೆ ಕೆಲಸ ಮುಗಿದು 10 ವರ್ಷದವರೆಗೂ ದಾವೆ ಬರಬಹುದು. ನೀವು ನಾಲ್ಕು ವರ್ಷದ ಹಿಂದೆ ಕೂರಿಸಿದ ಕಿಟಕಿಯಿಂದ ಈ ಮಳೆಗಾಲದಲ್ಲಿ ನೀರು ಇಳಿದು ನೆಲ ಹಾಳಾಯಿತು ಅಂದುಕೊಳ್ಳಿ. ಹಾನಿ ಈಗ ಆಗಿದೆ, ಹಾಗಾಗಿ ಈಗಿನ ಪಾಲಿಸಿ ಬರಬೇಕು. ಆದರೆ ‘ಈ ಪಾಲಿಸಿ ಶುರುವಾಗುವ ಮುಂಚೆ ಮುಗಿಸಿದ ಕೆಲಸ ಸೇರಿಲ್ಲ’ ಅಂತ ಒಂದು ಸಾಲು ಇದ್ದರೆ ಬರುವುದಿಲ್ಲ. ಹಳೆ ಕಂಪನಿಯೂ ‘ನಮ್ಮ ಅವಧಿಯಲ್ಲಿ ಹಾನಿ ಆಗಿಲ್ಲ’ ಅನ್ನುತ್ತದೆ. ಪ್ರತಿ ವರ್ಷ ಅಗ್ಗದ ಕಂಪನಿ ಹುಡುಕಿಕೊಂಡು ಹೋಗುವವರು ಹೀಗೆ ತಮ್ಮ ಹಳೆಯ ಕೆಲಸಗಳನ್ನೆಲ್ಲ ಬಯಲಿಗೆ ಬಿಟ್ಟ ಹಾಗೆ ಆಗುತ್ತದೆ.

ಕಾಂಡೊ ಮತ್ತು ಹೊಸ ಬಡಾವಣೆ ಮನೆಗಳ ಕೆಲಸ ಹೊರಗೆ, ಮೂರು ಅಂತಸ್ತಿಗಿಂತ ಎತ್ತರದ ಕೆಲಸ ಹೊರಗೆ, ಬೆಂಕಿ ಹಚ್ಚಿ ಡಾಂಬರು ಹಾಳೆ ಅಂಟಿಸುವ ಛಾವಣಿ ಕೆಲಸ ಹೊರಗೆ, ಛಾವಣಿ ತೆರೆದಿಟ್ಟಾಗ ಮಳೆ ಬಂದರೆ ಹೊರಗೆ. ಇವೂ ಸಾಮಾನ್ಯ. ಒಂದೊಂದಕ್ಕೂ ಕೇಳಿಕೊಳ್ಳಬೇಕಾದ್ದು ಒಂದೇ: ನಮ್ಮ ದುಡಿಮೆಯಲ್ಲಿ ಎಷ್ಟು ಭಾಗ ಇದರಿಂದ ಬರುತ್ತದೆ?

ಬಾರ್, ನೈಟ್ ಕ್ಲಬ್, ಬ್ಯಾಂಕ್ವೆಟ್ ಹಾಲ್ ಇಟ್ಟವರು ‘ಅಸಾಲ್ಟ್ ಅಂಡ್ ಬ್ಯಾಟರಿ’ ಅಂತ ಹುಡುಕಿ. ಹೊಡೆದಾಟದಲ್ಲಿ ಗಿರಾಕಿಗೆ ಪೆಟ್ಟಾದರೆ ಪಾಲಿಸಿ ಇಲ್ಲ ಅಂತಲೋ, 25 ಸಾವಿರ ಅಥವಾ 50 ಸಾವಿರ ಡಾಲರ್‌ಗೆ ಮಾತ್ರ ಅಂತಲೋ ಬರೆದಿರುತ್ತಾರೆ. ಮೇಲೆ ದೊಡ್ಡದಾಗಿ 10 ಲಕ್ಷ ಡಾಲರ್ ಅಂತ ಇರುತ್ತದೆ, ನೆನಪಿಡಿ. ಮದ್ಯ ಮಾರುವವರಿಗೆ ಲಿಕ್ಕರ್ ಲಯಬಿಲಿಟಿ ಬೇರೆಯೇ ಬೇಕು. ಟಾಕೋ ಗಾಡಿಯವರಿಗೆ ಎರಡು ಪಾಲಿಸಿ ಬೇಕು. ಗಾಡಿ ಓಡುವಾಗ ಆದದ್ದಕ್ಕೆ ಕಮರ್ಷಿಯಲ್ ಆಟೋ, ನಿಂತು ವ್ಯಾಪಾರ ಮಾಡುವಾಗ ಗಿರಾಕಿಗೆ ಆದದ್ದಕ್ಕೆ ಜನರಲ್ ಲಯಬಿಲಿಟಿ. ಸಂತೆ ನಡೆಸುವವರು ಕೇಳುವುದು ಎರಡನೆಯದನ್ನು, ಪೊಲೀಸರು ಕೇಳುವುದು ಮೊದಲನೆಯದನ್ನು.

ಮನೆಯಲ್ಲಿ ಡೇ ಕೇರ್ ನಡೆಸುವವರ ಬಗ್ಗೆ ನನಗೆ ಹೆಚ್ಚು ಚಿಂತೆ. ಕ್ಯಾಲಿಫೋರ್ನಿಯಾದಲ್ಲಿ ಇವರು ಒಂದು ಘಟನೆಗೆ 1 ಲಕ್ಷ, ವರ್ಷಕ್ಕೆ 3 ಲಕ್ಷ ಡಾಲರ್ ಲಯಬಿಲಿಟಿ ಇಟ್ಟಿರಬೇಕು, ಇಲ್ಲವೇ ಬಾಂಡ್ (ಜಾಮೀನು) ಇಡಬೇಕು, ಅದೂ ಇಲ್ಲದಿದ್ದರೆ ಇನ್ಶೂರೆನ್ಸ್ ಇಲ್ಲ ಅಂತ ತಿಳಿದಿದೆ ಎಂದು ಪ್ರತಿ ಮಗುವಿನ ಅಪ್ಪ ಅಮ್ಮನಿಂದ ಸಹಿ ಮಾಡಿಸಿ ಇಟ್ಟುಕೊಳ್ಳಬೇಕು. ಪಾಲಿಸಿ ಸಿಗುವುದೇ ಕಷ್ಟವಾದಾಗ ಸಹಿಯ ದಾರಿ ಸುಲಭ. ಆದರೆ ಆ ಸಹಿಯಿಂದ ನಿಮ್ಮ ಹೊಣೆ ತಪ್ಪುವುದಿಲ್ಲ, ಮಗುವಿಗೆ ಏನಾದರೂ ಆದರೆ ದಾವೆ ಬರುತ್ತದೆ. ಮನೆಯ ಪಾಲಿಸಿಯನ್ನು ನಂಬಬೇಡಿ, ಮನೆಯಲ್ಲಿ ನಡೆಸುವ ವ್ಯಾಪಾರಕ್ಕೆ ಅದು ಸಾಮಾನ್ಯವಾಗಿ ಬರುವುದಿಲ್ಲ. ಡೇ ಕೇರ್ ಪಾಲಿಸಿ ಸಿಕ್ಕರೂ ದೌರ್ಜನ್ಯದ ಆರೋಪಕ್ಕೆ ರಕ್ಷಣೆ ಇದೆಯಾ ನೋಡಿ. ನಿಮ್ಮ ತಪ್ಪಿಲ್ಲದೆಯೂ ಆರೋಪ ಬರಬಹುದು, ಆಗ ವಕೀಲರ ಖರ್ಚೇ ಸಂಸಾರ ಮುಳುಗಿಸುತ್ತದೆ.

4. ಕಂಪನಿ ಯಾವ ಬಗೆಯದು

ರಾಜ್ಯದ ಲೈಸೆನ್ಸ್ ಇರುವ ಕಂಪನಿಗಳಿಗೆ ಅಡ್ಮಿಟೆಡ್ ಅನ್ನುತ್ತಾರೆ. ಅವು ಬೇಡ ಅಂದ ಕಸುಬುಗಳು ಹೋಗುವುದು ಸರ್‌ಪ್ಲಸ್ ಲೈನ್ಸ್ ಮಾರುಕಟ್ಟೆಗೆ. ಅದು ಮೋಸದ ಮಾರುಕಟ್ಟೆ ಅಲ್ಲ, ಕಾನೂನು ಒಪ್ಪಿದ್ದೇ. ಆದರೆ ಅಲ್ಲಿನ ಕಂಪನಿಗಳ ಫಾರ್ಮ್ ಮತ್ತು ದರದ ಮೇಲೆ ರಾಜ್ಯದ ಹಿಡಿತ ಕಡಿಮೆ. ಮೇಲೆ ಹೇಳಿದ ಎಕ್ಸ್‌ಕ್ಲೂಷನ್‌ಗಳು ಜಾಸ್ತಿ ಬರುವುದು ಅಲ್ಲೇ. ಇನ್ನೊಂದು ಮಾತು, ಅಡ್ಮಿಟೆಡ್ ಕಂಪನಿ ಮುಳುಗಿದರೆ ರಾಜ್ಯದ ಗ್ಯಾರಂಟಿ ನಿಧಿ ಕ್ಲೇಮ್ ಕೊಡುತ್ತದೆ, ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 5 ಲಕ್ಷ ಡಾಲರ್‌ವರೆಗೆ. ಸರ್‌ಪ್ಲಸ್ ಕಂಪನಿ ಮುಳುಗಿದರೆ ಆ ನಿಧಿ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದನ್ನೆಲ್ಲ ಬರೆದ ಡಿ-1 ಎಂಬ ನೋಟಿಸ್‌ಗೆ ನಿಮ್ಮ ಸಹಿ ತೆಗೆದುಕೊಳ್ಳಬೇಕು. ಸುಮ್ನೆ ಸಹಿ ಹಾಕಿ ಬರುವ ಹಾಳೆಗಳ ಕಟ್ಟಿನಲ್ಲಿ ಅದೂ ಇತ್ತಾ ನೋಡಿ.

ಸರ್‌ಪ್ಲಸ್ ಪಾಲಿಸಿಯ ಪ್ರೀಮಿಯಂ ಮೇಲೆ ತೆರಿಗೆಯೂ ಬೀಳುತ್ತದೆ: ಕ್ಯಾಲಿಫೋರ್ನಿಯಾದಲ್ಲಿ ಶೇ. 3, ಟೆಕ್ಸಾಸ್‌ನಲ್ಲಿ ಶೇ. 4.85, ಫ್ಲೋರಿಡಾದಲ್ಲಿ ಶೇ. 4.94. ಮಧ್ಯದಲ್ಲಿ ರದ್ದು ಮಾಡಿದರೂ ಪ್ರೀಮಿಯಂನ ಶೇ. 25 ವಾಪಸ್ ಇಲ್ಲ ಅನ್ನುವ ಷರತ್ತು ಈ ಪಾಲಿಸಿಗಳಲ್ಲಿ ಮಾಮೂಲಿ. ಕಂಪನಿಯ ಆರ್ಥಿಕ ಬಲಕ್ಕೆ ಎ.ಎಂ. ಬೆಸ್ಟ್ ಎಂಬ ಸಂಸ್ಥೆ ಕೊಡುವ ರೇಟಿಂಗ್ ನೋಡಿ.

5. ದೊಡ್ಡ ಅಂಕಿಯ ಕೆಳಗಿನ ಸಣ್ಣ ಅಂಕಿ

ಒಂದು ಘಟನೆಗೆ 10 ಲಕ್ಷ, ವರ್ಷಕ್ಕೆ ಒಟ್ಟು 20 ಲಕ್ಷ ಡಾಲರ್ ಅನ್ನುವುದು ಸಾಮಾನ್ಯ ಮಿತಿ. ವಕೀಲರ ಖರ್ಚು ಇದರ ಒಳಗಾ ಹೊರಗಾ ಅಂತ ನೋಡಿ. ಮಾದರಿ ಫಾರ್ಮ್‌ನಲ್ಲಿ ಹೊರಗೆ. ಕುಗ್ಗಿದ ಪಾಲಿಸಿಗಳಲ್ಲಿ ಕೆಲವದರಲ್ಲಿ ಒಳಗೆ. ವಕೀಲರಿಗೆ 3 ಲಕ್ಷ ಹೋದರೆ ಗಾಯಾಳುವಿಗೆ ಕೊಡಲು ಉಳಿಯುವುದು 7 ಲಕ್ಷ.

ಡಿಡಕ್ಟಿಬಲ್ ಬೇರೆ, ಸೆಲ್ಫ್ ಇನ್ಶೂರ್ಡ್ ರಿಟೆನ್ಷನ್ ಬೇರೆ. ಮೊದಲನೆಯದರಲ್ಲಿ ಕಂಪನಿ ಕ್ಲೇಮ್ ಕೈಗೆತ್ತಿಕೊಂಡು ಆಮೇಲೆ ನಿಮ್ಮ ಪಾಲು ಕೇಳುತ್ತದೆ. ಎರಡನೆಯದರಲ್ಲಿ ನಿಮ್ಮ ಪಾಲನ್ನು ನೀವು ಖರ್ಚು ಮಾಡಿ ಮುಗಿಸುವವರೆಗೂ ಕಂಪನಿ ಕದಲುವುದಿಲ್ಲ. 10 ಸಾವಿರ ಡಾಲರ್ ಕೈಯಲ್ಲಿಲ್ಲದ ವ್ಯಾಪಾರಿಗೆ 10 ಸಾವಿರದ ರಿಟೆನ್ಷನ್ ಅಂದರೆ ಪಾಲಿಸಿ ಇಲ್ಲದಂತೆಯೇ. ಇನ್ನು ‘ಕ್ಲೇಮ್ಸ್ ಮೇಡ್’ ಅಂತ ಇದ್ದರೆ, ದಾವೆ ಪಾಲಿಸಿ ಇರುವಾಗಲೇ ಬಂದಿರಬೇಕು. ‘ಅಕರೆನ್ಸ್’ ಅಂತ ಇದ್ದರೆ ಹಾನಿ ಆ ಅವಧಿಯಲ್ಲಿ ಆಗಿದ್ದರೆ ಸಾಕು. ಕಟ್ಟಡ ಕೆಲಸದವರು ಅಕರೆನ್ಸ್‌ಗೇ ಅಂಟಿಕೊಳ್ಳಿ.

6. ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮುಂಚೆ

ದೊಡ್ಡ ಬಿಲ್ಡರ್‌ಗಳು ಸಬ್‌ಕಾಂಟ್ರಾಕ್ಟರ್‌ನಿಂದ ಕೇಳುವುದು ಬಹಳ. ತಮ್ಮನ್ನು ಅಡಿಷನಲ್ ಇನ್ಶೂರ್ಡ್ ಮಾಡಬೇಕು, ಅಂದರೆ ಸಬ್‌ನ ಪಾಲಿಸಿಯ ರಕ್ಷಣೆ ತಮಗೂ ಸಿಗಬೇಕು, ಕೆಲಸ ನಡೆಯುವಾಗಿನದಕ್ಕೆ ಸಿಜಿ 20 10, ಮುಗಿದ ಮೇಲಿನದಕ್ಕೆ ಸಿಜಿ 20 37. ಸರ್ಟಿಫಿಕೇಟ್‌ನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಾಲದು, ಪಾಲಿಸಿಗೆ ಆ ಎಂಡಾರ್ಸ್‌ಮೆಂಟ್ ಸೇರಿರಬೇಕು. ಸೇರದೆ ಇದ್ದರೆ ನೀವು ಕಾಂಟ್ರಾಕ್ಟ್ ಮುರಿದ ಹಾಗೆ, ಆ ನಷ್ಟ ನಿಮ್ಮ ಜೇಬಿನಿಂದ. ಪಾಲಿಸಿಯಲ್ಲಿ ಸಿಜಿ 21 39 ಅಂತ ಇದ್ದರೆ ಇನ್ನೂ ಹುಷಾರು. ಕಾಂಟ್ರಾಕ್ಟ್‌ನಲ್ಲಿ ‘ನಷ್ಟ ತುಂಬಿಕೊಡುತ್ತೇನೆ’ ಅಂತ ಒಪ್ಪಿದ್ದನ್ನು ಪಾಲಿಸಿ ನೋಡಿಕೊಳ್ಳುವುದನ್ನು ಅದು ಬಹುಪಾಲು ತೆಗೆದುಹಾಕುತ್ತದೆ. ಕಾಂಟ್ರಾಕ್ಟ್‌ನ ಇನ್ಶೂರೆನ್ಸ್ ಪುಟವನ್ನು ಸಹಿಗೆ ಮುಂಚೆ ಏಜೆಂಟ್‌ಗೆ ಕಳಿಸಿ, ‘ನನ್ನ ಪಾಲಿಸಿ ಇದನ್ನೆಲ್ಲ ಕೊಡುತ್ತದಾ, ಯಾವುದು ಇಲ್ಲ’ ಅಂತ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ನಿಮ್ಮ ಕೆಳಗೆ ಸಬ್ ಇದ್ದರೆ ನೀವೂ ಅವರಿಂದ ಅದನ್ನೇ ಪಡೆಯಬೇಕು. ಸಬ್‌ಗೆ ನಿಮ್ಮಷ್ಟೇ ಮಿತಿಯ ಪಾಲಿಸಿ ಇಲ್ಲದಿದ್ದರೆ, ಬರೆದ ಒಪ್ಪಂದ ಇಲ್ಲದಿದ್ದರೆ, ನಿಮ್ಮ ರಕ್ಷಣೆಯೂ ಇಲ್ಲ ಅನ್ನುವ ಷರತ್ತು (ಇದಕ್ಕೆ ವಾರಂಟಿ ಅನ್ನುತ್ತಾರೆ) ಈಗ ಎಲ್ಲ ಕಡೆ ಇದೆ. ಭಾವಮೈದ, ಒಂದೇ ಊರಿನವ, ಚರ್ಚಿನ ಪರಿಚಯ ಅಂತ ಬಾಯಿಮಾತಿನಲ್ಲಿ ಕೆಲಸ ಹಂಚಿಕೊಳ್ಳುವ ಸಮುದಾಯ ಇದು, ಆ ನಂಬಿಕೆ ದೊಡ್ಡದು, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಒಂದು ಪುಟದ ಒಪ್ಪಂದ ಬರೆದುಕೊಂಡು ಅದೇ ನಂಬಿಕೆ ಇಟ್ಟುಕೊಳ್ಳಿ ಅಷ್ಟೇ.

7. ರಿನ್ಯೂವಲ್‌ಗೆ ನಾಲ್ಕು ತಿಂಗಳು ಮುಂಚೆ ಶುರುಮಾಡಿ

ಕ್ಯಾಲಿಫೋರ್ನಿಯಾದಲ್ಲಿ ಅಡ್ಮಿಟೆಡ್ ಕಂಪನಿ ವ್ಯಾಪಾರದ ಪಾಲಿಸಿಯನ್ನು ಮುಂದುವರಿಸುವುದಿಲ್ಲ ಅಂತಾದರೆ, ಅಥವಾ ಮಿತಿ ಇಳಿಸಿ, ರಕ್ಷಣೆ ತೆಗೆದು, ಇಲ್ಲವೇ ದರವನ್ನು ಶೇ. 25ಕ್ಕಿಂತ ಜಾಸ್ತಿ ಏರಿಸಿ ಮುಂದುವರಿಸುವುದಾದರೆ, ಅವಧಿ ಮುಗಿಯುವ 60ರಿಂದ 120 ದಿನ ಮುಂಚೆ ನೋಟಿಸ್ ಕೊಡಬೇಕು. ಆ ಕಾಗದ ಅಂಚೆಯಲ್ಲಿ ಬರುತ್ತದೆ. ವಿಳಾಸ ಬದಲಾಗಿದ್ದರೆ ತಕ್ಷಣ ತಿಳಿಸಿ. ಬಂದ ಕಾಗದವನ್ನು ಜಾಹೀರಾತು ಅಂತ ಎಸೆಯಬೇಡಿ.

ನಾಲ್ಕು ತಿಂಗಳು ಇರುವಾಗ ‘ಲಾಸ್ ರನ್’ ಕೇಳಿ. ಹೋದ ಐದು ವರ್ಷದಲ್ಲಿ ಎಷ್ಟು ಕ್ಲೇಮ್ ಆಗಿದೆ ಅನ್ನುವ ಪಟ್ಟಿ ಅದು. ಮುಗಿದ ಕ್ಲೇಮ್ ಇನ್ನೂ ತೆರೆದೇ ಇದೆ ಅಂತ ತೋರಿಸುತ್ತಿದ್ದರೆ ಮುಚ್ಚಿಸಿ, ಅದು ದರ ಏರಿಸುತ್ತದೆ. ಸುರಕ್ಷೆಯ ತರಬೇತಿ ಕೊಟ್ಟದ್ದು, ಹಗ್ಗ ಮತ್ತು ಹಾರ್ನೆಸ್ ಕೊಂಡ ರಸೀದಿ, ಸಬ್‌ಗಳ ಸರ್ಟಿಫಿಕೇಟ್ ಫೈಲ್, ಕೆಲಸದ ಫೋಟೋಗಳು, ಇವನ್ನು ಸೇರಿಸಿ ಒಂದು ಸಣ್ಣ ಕಡತ ಮಾಡಿ. ಬರೀ ಫಾರ್ಮ್ ನೋಡುವ ಕಂಪನಿಗೆ ಇವರು ಜೋಪಾನದ ಜನ ಅಂತ ತೋರಿಸಲು ಬೇರೆ ದಾರಿ ಇಲ್ಲ. ಒಬ್ಬ ಏಜೆಂಟ್‌ನ ಬಳಿ ಕೆಲವೇ ಕಂಪನಿ ಇರುತ್ತವೆ. ನಿಮ್ಮ ಕಸುಬನ್ನೇ ಹೆಚ್ಚು ನೋಡುವ ಬ್ರೋಕರ್‌ನ ಹುಡುಕಿ. ಆದರೆ ಒಂದೇ ಅರ್ಜಿಯನ್ನು ನಾಲ್ಕು ಕಡೆಯಿಂದ ಒಂದೇ ಕಂಪನಿಗೆ ಹೋಗಲು ಬಿಡಬೇಡಿ, ಗೊಂದಲವಾಗುತ್ತದೆ. ಕ್ವೋಟ್ ಬಂದಾಗ ಬೆಲೆಯ ಜೊತೆ ಫಾರ್ಮ್‌ಗಳ ಪಟ್ಟಿಯನ್ನೂ ಕೇಳಿ. ಪಟ್ಟಿ ಕೊಡದ ಕ್ವೋಟನ್ನು ಹೋಲಿಸಲು ಆಗುವುದಿಲ್ಲ.

ಸಣ್ಣ ವ್ಯಾಪಾರಿಗಳಿಗೆ ನೆರವಾಗುವ ಎಸ್‌ಬಿಡಿಸಿ ಕೇಂದ್ರಗಳಲ್ಲಿ, ಸ್ಕೋರ್ ಸಂಸ್ಥೆಯಲ್ಲಿ ಉಚಿತ ಸಲಹೆ ಸಿಗುತ್ತದೆ, ಎಷ್ಟೋ ಕಡೆ ಸ್ಪ್ಯಾನಿಷ್‌ನಲ್ಲೇ. ಮನೆಯ ಹೈಸ್ಕೂಲ್ ಮಗಳ ಕೈಯಲ್ಲಿ ಪಾಲಿಸಿ ಅನುವಾದ ಮಾಡಿಸುವುದು ತುಂಬಾ ಮನೆಗಳಲ್ಲಿ ನಡೆಯುತ್ತದೆ. ಆ ಹುಡುಗಿಯ ತಲೆ ಮೇಲೆ ಆ ಭಾರ ಹಾಕಬಾರದು.

8. ಆಡಿಟ್

ವರ್ಷ ಮುಗಿದ ಮೇಲೆ ಕಂಪನಿ ಸಂಬಳದ ಲೆಕ್ಕ, ವಹಿವಾಟಿನ ಲೆಕ್ಕ ಕೇಳುತ್ತದೆ. ಅಂದಾಜಿಗಿಂತ ಜಾಸ್ತಿ ಆಗಿದ್ದರೆ ಹೆಚ್ಚುವರಿ ಬಿಲ್ ಬರುತ್ತದೆ. ಇನ್ಶೂರೆನ್ಸ್ ಇಲ್ಲದ ಸಬ್‌ಗೆ ಕೊಟ್ಟ ದುಡ್ಡನ್ನು ನಿಮ್ಮದೇ ಸಂಬಳದ ಖರ್ಚು ಅಂತ ಸೇರಿಸುತ್ತಾರೆ. ಸಬ್‌ಗೆ ಚೆಕ್ ಕೊಡುವ ಮುಂಚೆ ಸರ್ಟಿಫಿಕೇಟ್ ತೆಗೆದುಕೊಳ್ಳುವ ಅಭ್ಯಾಸ ಇಟ್ಟರೆ ಈ ಆಘಾತ ಇಲ್ಲ. ಆಡಿಟ್ ಕಾಗದಕ್ಕೆ ಉತ್ತರ ಕೊಡದೆ ಕೂರಬೇಡಿ, ಅವರೇ ಅಂದಾಜು ಮಾಡಿ ಬಿಲ್ ಕಳಿಸುತ್ತಾರೆ.

9. ದುಡ್ಡು ಸಾಲದಾಗ ಯಾವುದನ್ನು ಬಿಡಬಾರದು

ಡಿಡಕ್ಟಿಬಲ್ ಸ್ವಲ್ಪ ಏರಿಸಿ ಪ್ರೀಮಿಯಂ ಇಳಿಸುವುದು ಸರಿ. ಮಾಡದ ಕೆಲಸಗಳನ್ನು ಅರ್ಜಿಯಿಂದ ತೆಗೆಸುವುದೂ ಸರಿ. ಅಪಾಯದ ಒಂದು ಬಗೆಯ ಕೆಲಸವನ್ನೇ ಬಿಟ್ಟುಬಿಡುವುದು ಕೆಲವೊಮ್ಮೆ ಎಲ್ಲಕ್ಕಿಂತ ಒಳ್ಳೆಯ ಲೆಕ್ಕ. ಕೆಲಸಗಾರರ ಗಾಯದ ರಕ್ಷಣೆ ಮತ್ತು ವರ್ಕರ್ಸ್ ಕಾಂಪ್ ಎರಡನ್ನು ಮಾತ್ರ ಕಡಿಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ವಲಸೆ ದಾಖಲೆ ಇಲ್ಲದ ಕೆಲಸಗಾರನಿಗೂ ವರ್ಕರ್ಸ್ ಕಾಂಪ್ ಹಕ್ಕಿದೆ. ಛಾವಣಿ, ಕಾಂಕ್ರೀಟ್, ಏರ್ ಕಂಡೀಷನಿಂಗ್, ಮರ ಕಡಿಯುವ ಲೈಸೆನ್ಸ್ ಇರುವವರಿಗೆ ಅಲ್ಲಿ ಕೆಲಸಗಾರರು ಇಲ್ಲದಿದ್ದರೂ ಅದು ಕಡ್ಡಾಯ. ಪ್ರೀಮಿಯಂ ಸಾಲ ತೆಗೆದು ಕಂತಿನಲ್ಲಿ ಕಟ್ಟುವವರು ಕಂತು ತಪ್ಪಿಸಬೇಡಿ. ರದ್ದಾಗುವುದು ಬಹಳ ಬೇಗ, ಮತ್ತೆ ಸಿಗುವುದು ಬಹಳ ನಿಧಾನ.

10. ಮನೆ ಕೆಲಸಕ್ಕೆ ಕರೆಯುವವರಿಗೆ

ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ಮಂಡಳಿ ಸಿಎಸ್‌ಎಲ್‌ಬಿಯ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರು ಹಾಕಿದರೆ 25 ಸಾವಿರ ಡಾಲರ್ ಬಾಂಡ್ ಇದೆಯಾ, ವರ್ಕರ್ಸ್ ಕಾಂಪ್ ಇದೆಯಾ ಗೊತ್ತಾಗುತ್ತದೆ. ಎಲ್‌ಎಲ್‌ಸಿ (ಕಂಪನಿಯ ಒಂದು ಬಗೆ) ಆಗಿರುವವರನ್ನು ಬಿಟ್ಟು ಉಳಿದ ಕಾಂಟ್ರಾಕ್ಟರ್‌ಗಳಿಗೆ ಜನರಲ್ ಲಯಬಿಲಿಟಿಯನ್ನು ಮಂಡಳಿ ಕಡ್ಡಾಯ ಮಾಡಿಲ್ಲ, ಅದನ್ನು ನೀವೇ ಕೇಳಬೇಕು. ಲೈಸೆನ್ಸ್ ಇಲ್ಲದವರ ಕೆಲಸಗಾರ ನಿಮ್ಮ ಮನೆಯಲ್ಲಿ ಬಿದ್ದರೆ ನೀವೇ ಧಣಿ ಅಂತ ಕಾನೂನು ನೋಡುವ ಸಾಧ್ಯತೆ ಇದೆ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಇಲ್ಲದವರೂ ಅಲ್ಲಿ ಐಟಿಐಎನ್ (ಟ್ಯಾಕ್ಸ್ ಕಟ್ಟಲು ಕೊಡುವ ನಂಬರು) ಇಟ್ಟುಕೊಂಡು ಲೈಸೆನ್ಸ್ ಪಡೆಯಬಹುದು, ಪರಿಚಯದವರಿಗೆ ಇದನ್ನು ಹೇಳಿ. ಮತ್ತೆ ದಯವಿಟ್ಟು ಪಾಲಿಸಿ ಇರುವವರ ದರ ಜಾಸ್ತಿ ಅಂತ ಚೌಕಾಶಿ ಮಾಡಬೇಡಿ. ಆ ಹೆಚ್ಚಿನ ದರದಲ್ಲಿ ನಿಮ್ಮ ರಕ್ಷಣೆಯೂ ಇದೆ.

11. ದಾವೆ ಅಥವಾ ವಕೀಲರ ಪತ್ರ ಬಂದ ದಿನ

ಅದೇ ದಿನ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಕಳಿಸಿ. ಏಜೆಂಟ್‌ಗೆ ಫೋನ್ ಮಾಡಿದ್ದು ಸಾಲದು. ಹಿಂದಿನ ವರ್ಷಗಳ ಕಂಪನಿಗಳಿಗೂ ಕಳಿಸಿ, ಹಾನಿ ಯಾವ ವರ್ಷ ಶುರುವಾಯಿತು ಅಂತ ಆಗಲೇ ಗೊತ್ತಿರುವುದಿಲ್ಲ. ಸಬ್‌ನ ಇನ್ಶೂರೆನ್ಸ್ ಕಂಪನಿಗೂ ಕಳಿಸಿ, ಅಲ್ಲಿ ನೀವು ಅಡಿಷನಲ್ ಇನ್ಶೂರ್ಡ್ ಆಗಿದ್ದರೆ. ತಪ್ಪು ನಮ್ಮದೇ, ಕೊಡುತ್ತೇವೆ ಅಂತ ಯಾರಿಗೂ ಒಪ್ಪಿಕೊಂಡು ಬರೆಯಬೇಡಿ. ಕಂಪನಿ ಇಲ್ಲ ಅಂದರೆ ಯಾವ ಪುಟದ ಯಾವ ಸಾಲಿನ ಮೇಲೆ ಇಲ್ಲ ಅಂದಿರಿ ಅಂತ ಪತ್ರದಲ್ಲಿ ಕೇಳಿ. ದಾವೆ ನಡೆಸಿಕೊಡುವ ಕರ್ತವ್ಯ ದುಡ್ಡು ಕೊಡುವ ಕರ್ತವ್ಯಕ್ಕಿಂತ ದೊಡ್ಡದು ಅಂತ ಅಲ್ಲಿನ ಕೋರ್ಟುಗಳು ಹೇಳುತ್ತಾ ಬಂದಿವೆ. ದೂರಿನಲ್ಲಿ ಒಂದು ಅಂಶ ಪಾಲಿಸಿಯೊಳಗೆ ಬರುವ ಸಾಧ್ಯತೆ ಇದ್ದರೂ ವಕೀಲರನ್ನು ಕೊಡಬೇಕಾಗಬಹುದು. ಹಾಗಾಗಿ ಮೊದಲ ‘ಇಲ್ಲ’ಕ್ಕೆ ಸುಮ್ಮನಾಗಬೇಡಿ, ಪಾಲಿಸಿ ನೋಡುವ ವಕೀಲರಿಗೆ ತೋರಿಸಿ.

ದೂರು ಕೊಡಲು ರಾಜ್ಯದ ಇನ್ಶೂರೆನ್ಸ್ ಇಲಾಖೆ ಇದೆ. ಕ್ಯಾಲಿಫೋರ್ನಿಯಾ 800-927-4357, ಟೆಕ್ಸಾಸ್ 800-252-3439, ಫ್ಲೋರಿಡಾ 877-693-5236. ಸ್ಪ್ಯಾನಿಷ್‌ನಲ್ಲಿ ಮಾತಾಡುವವರು ಬೇಕು ಅಂತ ಕೇಳಿ. ಪಾಲಿಸಿ ನಂಬರು, ನಿರಾಕರಣೆಯ ಪತ್ರ, ಏಜೆಂಟ್ ಜೊತೆ ನಡೆದ ಇಮೇಲ್‌ಗಳು, ಸಹಿ ಹಾಕಿದ ಅರ್ಜಿಯ ಪ್ರತಿ, ಇಷ್ಟನ್ನೂ ಮುಂದೆ ಇಟ್ಟುಕೊಂಡು ಫೋನ್ ಮಾಡಿ.